ಏಳದ ಬಕೆಟ್ಟು, ಉಣ್ಣದ ಅಪ್ಪ

ಹೆಣ್ಣು ಕೊಟ್ಟ ಮನೆಯಲ್ಲಿ ಅನ್ನ ಉಣ್ಣಬಾರದು ಎಂಬ ಮಾತನ್ನು ಈಗ ಯಾರು ನಡೆಸುತ್ತಾರೆ? ಮಗಳ ಮನೆಗೆ ಬಂದು ವಾರಗಟ್ಟಲೆ ಕೂತು, ಬೀಗಿತ್ತಿಯ ಸಾರಿಗೆ ಉಪ್ಪು ಸಾಲದು ಎಂದು ಹೇಳಿ ಹೋಗುವ ಕಾಲ ಇದು. ಆದರೆ ಭೀಮುನಿಪಟ್ಟಣದ ಪುಂಡಲೀಕಪ್ಪ ನಡೆಸುತ್ತಿದ್ದರು. ಮೊಮ್ಮಗುವಿನ ಮುಖ ನೋಡುವ ತನಕ ಅಳಿಯನ ಮನೆಯ ಅನ್ನ ಮುಟ್ಟಬಾರದೆಂದು ಹುಟ್ಟೂರು ಗೋಕಾಕದಲ್ಲಿ ಅವರ ತಾಯಿ ಹೇಳಿದ್ದಳಂತೆ. ನೌಕಾಪಡೆಯ ಹಡಗುಗಳ ಇಂಜಿನ್ ಕೋಣೆಯಲ್ಲಿ ಅರ್ಧ ಆಯುಷ್ಯ ಕಳೆದು, ಹತ್ತಾರು ಬಂದರುಗಳಲ್ಲಿ ಯಾರ್ಯಾರದೋ ಕೈಯಡುಗೆ ಉಂಡು, ಕೊನೆಗೆ ವಿಶಾಖಪಟ್ಟಣದ ಬಗಲಲ್ಲೇ ಮನೆ ಕಟ್ಟಿಕೊಂಡ ಮನುಷ್ಯ ಈ ಒಂದು ಮಾತನ್ನು ಮಾತ್ರ ಸೆರಗಿನ ಗಂಟಿನಂತೆ ಜೋಪಾನ ಮಾಡಿದ್ದರು.

ಅವರ ಒಬ್ಬಳೇ ಮಗಳು ವರ್ಷಾ. ಅವಳನ್ನು ಕೊಂಡಪಲ್ಲಿಯ ಫಣೀಂದ್ರನಿಗೆ ಕೊಟ್ಟು ಆರು ವರ್ಷವಾಗಿತ್ತು. ಮಗುವಾಗಿರಲಿಲ್ಲ. ಅಪ್ಪ ಪ್ರತಿ ಸಲ ಬಂದು, ಉಣ್ಣದೆ ಎದ್ದು ಹೋದಾಗ ಆ ಇಲ್ಲದ ಮಗುವಿನ ಮಾತು ಯಾರ ಬಾಯಿಂದಲೂ ಬರದೆ ವರ್ಷಾಳ ಕಿವಿಗೆ ಬೀಳುತ್ತಿತ್ತು. ಡಾಕ್ಟರರ ಹತ್ತಿರ ಹೋಗಿ ಬಂದದ್ದಾಯಿತು, ಬೆಟ್ಟದ ಮೇಲಿನ ದುರ್ಗಮ್ಮನಿಗೆ ಹರಕೆ ಹೊತ್ತದ್ದಾಯಿತು. ಅವೆಲ್ಲ ತಮ್ಮ ಪಾಡಿಗೆ ಇರಲಿ. ಅಪ್ಪ ತನ್ನ ಮನೆಯಲ್ಲಿ ಕೂತು, ತಾನು ಬಡಿಸಿದ ಒಂದು ತುತ್ತು ಉಣ್ಣಬೇಕು ಎನ್ನುವುದೇ ಅವಳ ಆಸೆಯಾಗಿತ್ತು.

ಮನೆಯಲ್ಲಿದ್ದವರು ಮೂರೇ ಜನ. ವರ್ಷಾ, ಗಂಡ ಫಣಿ, ಅತ್ತೆ ರಾಜ್ಯಲಕ್ಷ್ಮಿ. ಮನೆಮಾತು ತೆಲುಗು; ಅಪ್ಪ ಅಮ್ಮನ ಹತ್ತಿರ ಮಾತ್ರ ವರ್ಷಾಳ ಬಾಯಲ್ಲಿ ಗೋಕಾಕದ ಕನ್ನಡ ಬರುತ್ತಿತ್ತು. ಹೊಟ್ಟೆಪಾಡು ನಡೆಯುತ್ತಿದ್ದುದು ಮುಂದುಗಡೆ ಲೋಡರ್ ಕೂರಿಸಿದ ಒಂದು ಟ್ರಾಕ್ಟರಿನಿಂದ. ಕಲ್ಲಿದ್ದಲ ಬೂದಿಯಿಂದ ಇಟ್ಟಿಗೆ ಮಾಡುವ ಕಡೆ ಹೋಗಿ, ಗುಡ್ಡೆ ಬಿದ್ದ ಬೂದಿಯನ್ನು ಬಕೆಟ್ಟಿನಲ್ಲಿ ಎತ್ತಿ ಮಿಕ್ಸರಿಗೆ ಸುರಿಯುವುದು ಫಣಿಯ ಕೆಲಸ. ಸಂಜೆ ಅವನು ಮನೆಗೆ ಬಂದರೆ ಹುಬ್ಬು ಮೀಸೆ ಎಲ್ಲ ಬೂದಿ. ರಾಜ್ಯಲಕ್ಷ್ಮಿ ಅವನನ್ನು ಅಂಗಳದ ನಲ್ಲಿಯ ಹತ್ತಿರವೇ ನಿಲ್ಲಿಸಿ ತಲೆಗೆ ನೀರು ಸುರಿದು ಒಳಗೆ ಬಿಡುತ್ತಿದ್ದಳು.

ದಸರೆಗೆ ಬಂದಾಗ ಪುಂಡಲೀಕಪ್ಪ ಸುಮ್ಮನೆ ಕೂರಲಿಲ್ಲ. ಅಳಿಯನಿಗೆ ಹಬ್ಬದ ಉಡುಗೊರೆಯೆಂದು, ಬಕೆಟ್ಟನ್ನು ಎತ್ತುವ ಹೈಡ್ರಾಲಿಕ್ ಎಣ್ಣೆಯ ಡಬ್ಬಗಳನ್ನು ತಂದು, ಲೋಡರಿನ ಎಣ್ಣೆ ಟ್ಯಾಂಕ್ ಬಿಚ್ಚಿ, ಹಳೆಯದನ್ನು ಚೆಲ್ಲಿ, ಒಳಗೆಲ್ಲ ಒರೆಸಿ ಕನ್ನಡಿ ಮಾಡಿದರು. ಅವರ ಚೀಲದಲ್ಲಿ ಯಾವಾಗಲೂ ಬಿಳಿ ಬಟ್ಟೆಯ ತುಂಡುಗಳಿರುತ್ತಿದ್ದವು. ಹಳೆಯ ಯೂನಿಫಾರ್ಮ್ ಕತ್ತರಿಸಿ, ನಾಲ್ಕೂ ಕಡೆ ಅಂಚು ಹೊಲಿಸಿದ ತುಂಡುಗಳು. ಅಂಚು ಹೊಲಿಯದ ಬಟ್ಟೆಯಿಂದ ಎಳೆ ಉದುರಿ ಯಂತ್ರದೊಳಗೆ ಹೋಗುತ್ತದೆ ಎನ್ನುವುದು ಅವರು ಹಡಗಿನಲ್ಲಿ ಕಲಿತ ಶಿಸ್ತು. ಶಿಸ್ತು ಅವರದು, ಹೊಲಿಯುವ ಶಿಕ್ಷೆ ಹೆಂಡತಿ ಚಂದ್ರಮ್ಮನದು.

ಕೆಲಸ ಮುಗಿಯುವ ಹೊತ್ತಿಗೆ ರಾಜ್ಯಲಕ್ಷ್ಮಿ ಟ್ರಾಕ್ಟರ್ ನಿಲ್ಲಿಸುವ ಷೆಡ್ಡಿನ ಬಾಗಿಲಿಗೇ ಬಂದು ನಿಂತಳು.

"ಅನ್ನಯ್ಯಗಾರೂ, ಎಲೆ ಹಾಕಿದ್ದೇನೆ. ಪುಳಿಹೋರ ಮಾಡಿದ್ದೇನೆ. ಹಬ್ಬದ ದಿನ ನಿಮ್ಮನ್ನು ಹಾಗೇ ಕಳಿಸುವುದಿಲ್ಲ."

ಪುಂಡಲೀಕಪ್ಪ ಗಡಬಡಿಸಿ ಎಣ್ಣೆ ಸುರಿದು, ಮುಚ್ಚಳ ಬಿಗಿದು, ಬಸ್ಸಿಗೆ ಹೊತ್ತಾಯಿತೆಂದು ಕೈ ಒರೆಸಿಕೊಳ್ಳುತ್ತಲೇ ರಸ್ತೆಗೆ ಓಡಿದರು. ಪುಳಿಹೋರಕ್ಕೆ ಹೆದರಿ ಓಡಿದ ನೌಕಾಪಡೆಯವರನ್ನು ನೋಡಿ ಫಣಿ ಹೊಟ್ಟೆ ಹಿಡಿದುಕೊಂಡು ನಕ್ಕ. ವರ್ಷಾ ಎಲೆ ಮಡಚಿ ತೆಗೆದಿಟ್ಟಳು.

ಕಾರ್ತಿಕ ಮಾಸ ಹಿಡಿಯುವ ಹೊತ್ತಿಗೆ ಲೋಡರಿಗೆ ಸುಸ್ತು ಹಿಡಿಯಿತು. ಬೆಳಿಗ್ಗೆ ಮೊದಮೊದಲು ಬಕೆಟ್ ಸರಾಗವಾಗಿ ಏಳುತ್ತಿತ್ತು. ಆಮೇಲೆ ಬೂದಿ ತುಂಬಿದ ಬಕೆಟ್ ಸೊಂಟದ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಲಿವರ್ ಎಳೆದು ಹಿಡಿದರೂ ಅಷ್ಟೇ, ಇಂಜಿನ್ ಏರಿಸಿದರೂ ಅಷ್ಟೇ. ಇಂಜಿನ್ ಆರಿಸಿ, ಚಹಾ ಕುಡಿದು ಬಂದರೆ ಮತ್ತೆ ಸ್ವಲ್ಪ ಹೊತ್ತು ಏಳುತ್ತಿತ್ತು.

"ಗಂಗಾಭವಾನಿಗಾರು ಇವತ್ತು ನನ್ನ ಮುಖ ನೋಡಿ ಮಾತಾಡಲಿಲ್ಲ," ಅಂದ ಫಣಿ, ಊಟಕ್ಕೆ ಕೂತಾಗ. ಗಂಗಾಭವಾನಿ ಇಟ್ಟಿಗೆ ಅಂಗಳದ ಒಡತಿ. "ಹೀಗೇ ಆದರೆ ಬೇರೆ ಲೋಡರ್ ಕರೆಸುತ್ತಾರಂತೆ."

"ಮತ್ತೆ ಮೆಕ್ಯಾನಿಕ್‌ನ ಕರೆಸೋ!" ಅಂದಳು ರಾಜ್ಯಲಕ್ಷ್ಮಿ.

"ಮಾವಯ್ಯಗಾರು ಬರುತ್ತಿದ್ದಾರೆ. ತಾವು ಬರುವವರೆಗೆ ಯಾರೂ ಕೈ ಹಚ್ಚಬಾರದು ಅಂದಿದ್ದಾರೆ."

"ಅವರಿಗೆ ಹೇಳಿದವರು ಯಾರು?"

"ನಾನೇ ಅತ್ತಯ್ಯ," ಅಂದಳು ವರ್ಷಾ, ಬೇಳೆಯ ಪಪ್ಪು ಬಡಿಸುತ್ತ. "ಫೋನಿನಲ್ಲಿ ಬಾಯಿಗೆ ಬಂತು."

"ಬರಲಿ. ಬಂದು ಹಸಿದುಕೊಂಡು ಕೂತಿರಲಿ. ನಾನು ಗೋಂಗೂರ ಚಟ್ನಿ ಮಾಡಿಟ್ಟುಕೊಂಡು ಅವರ ಮುಖ ನೋಡುತ್ತೇನೆ. ಬೀದಿಯವರೆಲ್ಲ ಕೇಳುತ್ತಾರೆ, ನಿಮ್ಮ ಬೀಗರಿಗೆ ನಿಮ್ಮ ಮನೆಯ ನೀರು ವಿಷವಾ ಅಂತ."

"ಅದು ಅವರ ಕಡೆಯ ಪದ್ಧತಿ ಅಮ್ಮಾ," ಅಂದ ಫಣಿ.

"ನಮ್ಮ ಕಡೆಯೂ ಇತ್ತು ಕಣೋ. ನಮ್ಮ ತಾತನ ಕಾಲದಲ್ಲಿ. ತಾತ ಹೋದ, ಪದ್ಧತಿಯನ್ನೂ ಕರೆದುಕೊಂಡು ಹೋದ."

ಪುಂಡಲೀಕಪ್ಪ ಬಂದರು. ಮಗಳ ಮನೆಯಲ್ಲಿ ಮಲಗುವುದೂ ಸಲ್ಲದು, ಹಾಗಾಗಿ ಹತ್ತಿರದ ಪಟ್ಟಣದ ಪಟಮಟ ಬಡಾವಣೆಯಲ್ಲಿದ್ದ ಹಡಗಿನ ಹಳೆಯ ಗೆಳೆಯ ವಿನಾಯಕನ ಮನೆಯಲ್ಲಿ ಇಳಿದುಕೊಂಡರು. ದಿನಾ ಬೆಳಿಗ್ಗೆ ಅಲ್ಲಿಂದ ಬಸ್ಸು ಹಿಡಿದು ಕೊಂಡಪಲ್ಲಿಗೆ. ಕೈಯಲ್ಲಿ ಒಂದು ಡಬ್ಬಿ. ಅದರಲ್ಲಿ ಊರಿನಿಂದ ಬರುವಾಗ ಚಂದ್ರಮ್ಮ ಕಟ್ಟಿಕೊಟ್ಟ, ವಾರವಾದರೂ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ. ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ. ಮಧ್ಯಾಹ್ನ ಷೆಡ್ಡಿನಲ್ಲಿ ಟ್ರಾಕ್ಟರಿನ ಮಡ್‌ಗಾರ್ಡಿಗೆ ಒರಗಿ ಕೂತು ಕಟಕಟ ರೊಟ್ಟಿ ಮುರಿದು ತಿನ್ನುತ್ತಿದ್ದರು. ಆ ಸದ್ದು ಅಡುಗೆಮನೆಗೆ ಕೇಳಿಸುತ್ತಿತ್ತು. ವರ್ಷಾ ಒಗ್ಗರಣೆ ಜೋರು ಮಾಡುತ್ತಿದ್ದಳು.

ಕೆಲಸದಲ್ಲಿ ಮಾತ್ರ ಅವರನ್ನು ನೋಡುವುದು ಚಂದ. ಮೊದಲು ಎಣ್ಣೆಯ ಮಟ್ಟ ನೋಡಿದರು, ಸರಿಯಾಗಿತ್ತು. ಹೋಸ್‌ಪೈಪುಗಳನ್ನು ಮೊಳ ಮೊಳ ಸವರಿ ನೋಡಿದರು, ಎಲ್ಲೂ ಸೋರುತ್ತಿರಲಿಲ್ಲ. ಬಕೆಟ್ಟಿಗೆ ಭಾರ ತುಂಬಿ, ಎತ್ತಿ, ಹಾಗೇ ಬಿಟ್ಟು ಕಾದರು. ಅದು ಬೆರಳಗಲವೂ ಕೆಳಗೆ ಜಾರಲಿಲ್ಲ.

"ನೋಡಪಾ ಫಣಿ," ಅಂದರು ತಮ್ಮ ಗೋಕಾಕದ ತೆಲುಗಿನಲ್ಲಿ, "ಜಾರಲಿಲ್ಲ ಅಂದರೆ ಸಿಲಿಂಡರಿನ ಸೀಲು ಗಟ್ಟಿ ಇದೆ. ತಪ್ಪು ಅಲ್ಲಿಲ್ಲ."

ಪೈಪಿಗೆ ಒತ್ತಡ ಅಳೆಯುವ ಒಂದು ಗೇಜು ಕೂರಿಸಿ ಇಂಜಿನ್ ಏರಿಸಿದರು. ಮುಳ್ಳು ಹುಮ್ಮಸ್ಸಿನಿಂದ ಮೇಲೇರಿತು, ಸ್ವಲ್ಪ ಹೊತ್ತು ನಿಂತಿತು, ಆಮೇಲೆ ನಡುಗುತ್ತ ಅರ್ಧಕ್ಕೆ ಇಳಿಯಿತು. ಒತ್ತಡ ಹೆಚ್ಚಾದರೆ ಎಣ್ಣೆಯನ್ನು ವಾಪಸ್ ಬಿಡುವ ರಿಲೀಫ್ ವಾಲ್ವನ್ನು ಬಿಚ್ಚಿ, ಸ್ಪ್ರಿಂಗ್ ತೊಳೆದು, ಕಣ್ಣಿನ ಹತ್ತಿರ ಹಿಡಿದು ನೋಡಿ, ಮತ್ತೆ ಕೂರಿಸಿದರು. ಏನೂ ಬದಲಾಗಲಿಲ್ಲ. ಪಂಪಿನ ಬೋಲ್ಟುಗಳನ್ನು ಬಿಗಿದು ನೋಡಿ, ಒಂದೊಂದರ ಮೇಲೂ ಹಳದಿ ಬಣ್ಣದ ಗೆರೆ ಎಳೆದರು. ಬೋಲ್ಟು ತಿರುಗಿದರೆ ಗೆರೆ ಮುರಿಯುತ್ತದೆ. ಅದೂ ಹಡಗಿನ ಅಭ್ಯಾಸವೇ.

ಫಣಿ ಹಿಂದೆ ಮುಂದೆ ನೋಡಿ ಕೇಳಿದ. "ಮಾವಯ್ಯಗಾರೂ, ಒಂದು ಸಲ ಟ್ಯಾಂಕ್ ಬಿಚ್ಚಿ ನೋಡೋಣವಾ?"

"ಟ್ಯಾಂಕ್ ನಾನು ತೊಳೆದದ್ದು."

"ಹೌದೌದು," ಅಂದ ಫಣಿ. ಅಲ್ಲಿಗೆ ಆ ಮಾತು ಮುಗಿಯಿತು. ಹೆಣ್ಣು ಕೊಟ್ಟ ಮಾವ ತೊಳೆದ ಟ್ಯಾಂಕನ್ನು ಅನುಮಾನಿಸುವುದೂ ಒಂದೇ, ಅವರ ಮುಖಕ್ಕೆ ಹೊಡೆಯುವುದೂ ಒಂದೇ. ಹೊರಗಿನ ಮೆಕ್ಯಾನಿಕ್ಕನ್ನು ಕರೆಸುವುದಂತೂ ದೂರದ ಮಾತು.

ಸಂಜೆ ವರ್ಷಾ ಚಹಾ ತಂದಳು. ಚಹಾಕ್ಕೆ ಮಾತ್ರ ಪುಂಡಲೀಕಪ್ಪ ಒಂದು ಉಪಾಯ ಕಂಡುಕೊಂಡಿದ್ದರು. ಕುಡಿದು, ಖಾಲಿ ಬಸಿಯಲ್ಲಿ ಒಂದು ರೂಪಾಯಿ ಇಟ್ಟರೆ ಅದು ಕೊಂಡು ಕುಡಿದಂತೆ, ದೋಷವಿಲ್ಲ. ಅವತ್ತು ಬಸಿ ಎತ್ತಿಕೊಳ್ಳಲು ಬಂದವಳು ರಾಜ್ಯಲಕ್ಷ್ಮಿ.

"ಇದೇನಮ್ಮಾ ವರ್ಷಾ?" ಅಡುಗೆಮನೆಯಲ್ಲಿ ರೂಪಾಯಿಯನ್ನು ಕಟ್ಟೆಯ ಮೇಲೆ ಟಣ್ಣೆಂದು ಬಿಟ್ಟಳು. "ನಾವೇನು ಹೋಟೆಲ್ ಇಟ್ಟಿದ್ದೇವಾ?"

"ಅವರ ಮನಸ್ಸಿನಲ್ಲಿ ಬೇರೆ ಏನೂ ಇಲ್ಲ ಅತ್ತಯ್ಯ."

"ನನ್ನ ಮನಸ್ಸಿನಲ್ಲಿ ಇದೆಯಲ್ಲ! ನಿನಗೆ ಮಗು ಆಗಲಿಲ್ಲ ಅಂತ ನಾನು ಒಂದು ದಿನ, ಒಂದೇ ಒಂದು ದಿನ, ಮಾತಾಡಿದ್ದೇನಾ ಹೇಳು. ಅತ್ತೆಯಾದ ನಾನೇ ಸುಮ್ಮನಿದ್ದೇನೆ. ನಿನ್ನ ತಂದೆ ದಿನಾ ಬಂದು ಡಂಗುರ ಹೊಡೆಯುತ್ತಾರೆ."

ವರ್ಷಾ ಕುಕ್ಕರಿನ ಕಡೆ ತಿರುಗಿದಳು. ಅತ್ತೆಯ ಮಾತು ಒರಟು, ಆದರೆ ಸುಳ್ಳಲ್ಲ. ಅದೇ ಅವಳಿಗೆ ಹೆಚ್ಚು ನೋವು ಮಾಡಿತು. ರಾಜ್ಯಲಕ್ಷ್ಮಿಗೂ ಗೊತ್ತಾಯಿತು. ಹತ್ತಿರ ಬಂದು, ಸೊಸೆಯ ಕೈಯಿಂದ ಸೌಟು ಇಸಿದುಕೊಂಡು, "ಹೋಗು, ಮುಖ ತೊಳೆದುಕೋ. ನಾನು ನೋಡುತ್ತೇನೆ," ಅಂದಳು.

ಮರುದಿನ ವರ್ಷಾ ಷೆಡ್ಡಿಗೆ ಹೋದಾಗ ಇಂಜಿನ್ ಓಡುತ್ತಿತ್ತು. ಬಕೆಟ್ ಅರ್ಧಕ್ಕೆ ಬಂದು ನಿಂತಿತ್ತು. ಟ್ಯಾಂಕಿನ ಬದಿಯಿಂದ ಸಣ್ಣ, ಚೂಪಾದ ಸದ್ದೊಂದು ಬರುತ್ತಿತ್ತು.

"ಅಪ್ಪಾ, ಏನೋ ಶಿಳ್ಳೆ ಹೊಡದಂಗ ಕೇಳಸ್ತದಲ್ಲ?"

"ಎಲ್ಲಿ ಬೇ?"

"ಇಲ್ಲೇ. ಕೀಂ ಅಂತ ಅಳ್ತದ ನೋಡ್ರಿ."

ಅಪ್ಪ ಕಿವಿಗೆ ಕೈ ಅಡ್ಡ ಹಿಡಿದು ಬಾಗಿದರು. ಇಂಜಿನ್ ಕೋಣೆ ಅವರಿಗೆ ಪಿಂಚಣಿ ಕೊಟ್ಟು, ಬದಲಿಗೆ ಸಣ್ಣ ಸದ್ದುಗಳನ್ನೆಲ್ಲ ಇಟ್ಟುಕೊಂಡಿತ್ತು. ಮನೆಯಲ್ಲಿ ಕುಕ್ಕರಿನ ಸೀಟಿಯೂ ಅವರಿಗೆ ಕೇಳಿಸುವುದಿಲ್ಲವೆಂದು ಅಮ್ಮ ಹೇಳುತ್ತಿದ್ದದ್ದು ವರ್ಷಾಳಿಗೆ ನೆನಪಿಗೆ ಬಂತು.

"ಏನೂ ಇಲ್ಲಬೇ. ಫ್ಯಾನ್ ಬೆಲ್ಟಿಂದು ಇರಬೇಕು," ಅಂದರು, ಸೊಂಟ ಹಿಡಿದು ಎದ್ದು ನಿಲ್ಲುತ್ತ. "ಪಂಪ್ ಸವದೈತಿ. ಎಣ್ಣಿ ಕಾದು ತೆಳ್ಳಗಾದ ಮ್ಯಾಲ ಅದಕ್ಕ ತಾಕತ್ತು ಸಾಲವಲ್ದು. ವಿಶಾಖಪಟ್ಟಣಕ್ಕ ಹೋಗಿ ಒಂದ್ ಒಳ್ಳೆ ಪಂಪ್ ವಿಚಾರಸ್ತೇನಿ. ಇಲ್ಲಿ ಕಂಡಕಂಡಲ್ಲಿ ತಗೋಬ್ಯಾಡ್ರಿ."

"ಇವತ್ತರೆ ಊಟ ಮಾಡಿ ಹೋಗ್ರಿ ಅಪ್ಪಾ. ನಾನ ಮಾಡೇನಿ, ಬದನಿಕಾಯಿ ಎಣಗಾಯಿ. ನಮ್ಮ ಕಡಿದು."

ಪುಂಡಲೀಕಪ್ಪ ಮಗಳ ತಲೆಯ ಮೇಲೆ ಕೈ ಇಟ್ಟರು. ಕೈಯಲ್ಲಿ ಎಣ್ಣೆ ಇದ್ದದ್ದು ಆಮೇಲೆ ನೆನಪಾಗಿ, ಹೆಗಲ ಮೇಲಿನ ಟವೆಲಿನಿಂದ ಅವಳ ಕೂದಲು ಒರೆಸಿದರು. "ಉಣ್ತೇನಿ ಬೇ. ಉಣ್ಣೂ ದಿನಾ ಬರ್ತೈತಿ," ಅಂದು ಡಬ್ಬಿ ಎತ್ತಿಕೊಂಡು ಹೊರಟರು.

ಅವರು ಭೀಮುನಿಪಟ್ಟಣಕ್ಕೆ ಹೋದ ಮೇಲೆ ವರ್ಷಾ ಫಣಿಗೆ ಹೇಳಿದಳು. "ಶಿಳ್ಳೆ ಟ್ಯಾಂಕಿನ ಕಡೆಯಿಂದಲೇ ಬರುತ್ತಿದೆ. ಅಪ್ಪನಿಗೆ ಕೇಳಿಸಲ್ಲ. ಬಿಚ್ಚಿ ನೋಡಿ."

"ಮಾವಯ್ಯಗಾರು..."

"ಅವರು ಇಲ್ಲವಲ್ಲ ಈಗ!"

ಫಣಿ ಎಣ್ಣೆಯನ್ನು ಕ್ಯಾನುಗಳಿಗೆ ಇಳಿಸಿ, ಮುಚ್ಚಳ ಬಿಚ್ಚಿ, ಮೊಣಕೈವರೆಗೆ ಕೈ ಇಳಿಬಿಟ್ಟ. ಟ್ಯಾಂಕಿನ ತಳದಲ್ಲಿ ಪಂಪು ಎಣ್ಣೆ ಎಳೆದುಕೊಳ್ಳುವ ಬಾಯಿಗೆ ಒಂದು ಜಾಲರಿ ಇರುತ್ತದೆ. ಅವನ ಕೈ ಅಲ್ಲೇ ನಿಂತಿತು, ಮುಖ ವಿಚಿತ್ರವಾಯಿತು. ಮೆಲ್ಲಗೆ ಎಳೆದು ತೆಗೆದ. ಒದ್ದೆಯಾಗಿ, ಕಂದು ಬಣ್ಣಕ್ಕೆ ತಿರುಗಿ, ಜಾಲರಿಯ ಅಚ್ಚು ಬಿದ್ದ ಒಂದು ಬಟ್ಟೆಯ ತುಂಡು. ನಾಲ್ಕೂ ಕಡೆ ಅಂಚು ಹೊಲಿದಿತ್ತು.

ದಸರೆಯಲ್ಲಿ ತಳ ಒರೆಸಲು ಹಾಕಿದ ಬಟ್ಟೆ ಅದು. ಇಷ್ಟು ದಿನ ಯಾವುದೋ ಮೂಲೆಯಲ್ಲಿ ಬಿದ್ದಿದ್ದು, ಕೊನೆಗೆ ಜಾಲರಿಗೆ ಹೋಗಿ ತಗುಲಿಕೊಂಡಿತ್ತು. ಇಂಜಿನ್ ಓಡಿದರೆ ಅಂಟಿಕೊಂಡು ಪಂಪಿನ ಉಸಿರು ಕಟ್ಟಿಸುತ್ತಿತ್ತು, ಇಂಜಿನ್ ನಿಂತರೆ ಸಡಿಲಾಗುತ್ತಿತ್ತು.

"ಅಮ್ಮನ ಹೊಲಿಗೆ," ಅಂದಳು ವರ್ಷಾ. ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳು.

ಬಟ್ಟೆ ತೆಗೆದ ಮೇಲೆ ಬಕೆಟ್ ತುಂಬಿದ ಭಾರವನ್ನು ಹೊತ್ತು ತುದಿಯವರೆಗೂ ಏರಿತು. ಸಂಜೆಯವರೆಗೆ ದುಡಿಸಿದರೂ ಸೋಲಲಿಲ್ಲ. ಆದರೆ ಮನೆಯಲ್ಲಿ ಗೆದ್ದ ಕಳೆ ಇರಲಿಲ್ಲ. ಮೂವರೂ ಊಟಕ್ಕೆ ಕೂತು ತಟ್ಟೆ ನೋಡಿಕೊಂಡರು.

"ಮಾವಯ್ಯಗಾರಿಗೆ ಹೇಳುವುದು ಬೇಡ," ಅಂದ ಫಣಿ. "ಆ ಮನುಷ್ಯ ಮತ್ತೆ ಸ್ಪಾನರ್ ಮುಟ್ಟಲ್ಲ."

"ಹೇಳಬಾರದು," ಅಂದಳು ರಾಜ್ಯಲಕ್ಷ್ಮಿಯೂ. ರೂಪಾಯಿಯ ಸಿಟ್ಟು ಅವಳಲ್ಲಿ ಇತ್ತು, ಆದರೆ ಬೀಗರ ಮರ್ಯಾದೆ ಅದಕ್ಕಿಂತ ದೊಡ್ಡದು. "ಮನೆಗೆ ಬಂದ ನೆಂಟರ ತಪ್ಪನ್ನು ಎತ್ತಿ ತೋರಿಸುವುದು ನಮ್ಮ ವಂಶದಲ್ಲೇ ಇಲ್ಲ. ಪಂಪ್ ಬದಲಾಯಿಸಿದೆವು ಅನ್ನು. ನೀವು ಹೇಳಿದ್ದೇ ಸರಿಯಾಯಿತು ಅನ್ನು."

ಫಣಿ ಫೋನಿನಲ್ಲಿ ಹಾಗೇ ಅಂದ. ಆ ಕಡೆಯಿಂದ ಪುಂಡಲೀಕಪ್ಪನ ನಗು ಮನೆತುಂಬ ಕೇಳಿಸಿತು. "ನಾನು ಹೇಳಲಿಲ್ಲವಾ! ಹಳೇ ಪಂಪ್ ಎಸೆಯಬೇಡ ಫಣಿ. ನಾನು ಬಿಚ್ಚಿ ನೋಡಬೇಕು, ಎಲ್ಲಿ ಸವೆದಿದೆ ಅಂತ."

"ಅದು... ಗುಜರಿಗೆ ಹೋಯಿತು ಮಾವಯ್ಯಗಾರೂ," ಅಂದ ಫಣಿ. ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಕಿವಿಗಳು ಕೆಂಪಗಾದವು.

ಧನುರ್ಮಾಸದಲ್ಲಿ ವರ್ಷಾ ಕೆಲವು ದಿನ ತವರಿಗೆ ಹೋದಳು. ಭೀಮುನಿಪಟ್ಟಣದ ಮನೆಯಲ್ಲಿ ಅಪ್ಪ ಪಂಪಿನ ಕಥೆಯನ್ನು ಮೀನು ಮಾರುವವಳಿಗೂ ಹೇಳಿ ಮುಗಿಸಿದ್ದರು. "ಗೇಜಿನ ಮುಳ್ಳು ನೋಡೇ ಹೇಳಿಬಿಟ್ಟೆ," ಎಂದು ಪಕ್ಕದ ಮನೆಯ ಮಾಸ್ತರರಿಗೆ ಹೇಳುತ್ತಿದ್ದದ್ದನ್ನು ವರ್ಷಾ ಒಳಗಿನಿಂದ ಕೇಳಿ ತುಟಿ ಕಚ್ಚಿಕೊಂಡಳು. ಊಟಕ್ಕೆ ಕೂತರೆ ಅಪ್ಪ ಎದುರಿಗೇ ಕೂತು, "ಇನ್ನೊಂದ್ ಹಾಕ್ಕೋ ಬೇ, ತುಪ್ಪ ಹಾಕ್ಕೋ," ಎಂದು ರೊಟ್ಟಿಯ ಮೇಲೆ ರೊಟ್ಟಿ ಇಡುತ್ತಿದ್ದರು. ಅವಳು ಉಣ್ಣುವುದನ್ನು ನೋಡುವಾಗ ಅವರ ಮುಖದಲ್ಲಿ ಎಷ್ಟು ಸಂತೋಷವೆಂದರೆ, ಅದೇ ಸಂತೋಷ ತನಗೆ ಯಾಕಿಲ್ಲವೆಂದು ವರ್ಷಾಳಿಗೆ ಹೊಟ್ಟೆ ಉರಿಯಿತು.

ಮಧ್ಯಾಹ್ನ ಚಂದ್ರಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಬಿಳಿ ತುಂಡುಗಳ ಅಂಚು ಮಡಚುತ್ತಿದ್ದಳು. ವರ್ಷಾ ಅವಳ ಬಗಲಿಗೆ ಸರಿದು ಕೇಳಿದಳು.

"ಅವ್ವಾ, ಅಪ್ಪ ನಮ್ಮನ್ಯಾಗ ಎಂದೂ ಉಣ್ಣೂದಿಲ್ಲೇನು?"

"ನಾ ಅಂತೂ ಒಬ್ಬಾಕೀನ ಬಂದಾಗೆಲ್ಲ ಉಂಡೇನಿ. ನಿಮ್ಮತ್ತಿ ಕೈಯಾಗಿನ ಪಪ್ಪು ಬಿಡಾಕ ಆಕ್ಕೇತೇನು?" ಚಂದ್ರಮ್ಮ ನಕ್ಕಳು. "ನಿಮ್ಮಪ್ಪಗ ಹೇಳಬ್ಯಾಡ ಮತ್ತ."

"ನಗಬ್ಯಾಡ. ನನಗ ಎಷ್ಟು ತ್ರಾಸ ಆಗ್ತದ ಗೊತ್ತೇನು? ಮಗು ಇಲ್ಲದಾಕಿ ಮನೀ ಅನ್ನ ಅಂತ ಬ್ಯಾಡ ಅಂತಾರ."

ಯಂತ್ರದ ಗಾಲಿ ನಿಂತಿತು.

"ಹಂಗಲ್ಲ ನನ್ನವ್ವಾ. ನಾನೂ ಕೇಳಿದ್ದೆ ಒಂದ್ ಸಲ, ಯಾಕ ಹಟ ಹಿಡೀತೀರಿ ಅಂತ. ಏನಂದ್ರು ಗೊತ್ತೇನು? ಈಗ ಉಂಡ್ರ ಆಶಾ ಬಿಟ್ಟಂಗ ಆಕ್ಕೇತಿ ಚಂದ್ರಾ, ನಮ್ಮ ಹುಡುಗಿಗೆ ಇನ್ನ ಆಗೂದಿಲ್ಲ ಅಂತ ನಾನ ಒಪ್ಪಿದಂಗ ಆಕ್ಕೇತಿ ಅಂದ್ರು. ನಿನಗಾಗಿ ಹರಕಿ ಹೊತ್ತಂಗ ಹಸಕೊಂಡು ಬರ್ತಾರ ಅವರು."

ವರ್ಷಾಳಿಗೆ ಅಪ್ಪನ ಮೇಲಿನ ಸಿಟ್ಟು ಕರಗಿತು, ಆಸೆ ಮಾತ್ರ ಹಾಗೇ ಉಳಿಯಿತು.

ಭೋಗಿಯ ಹಿಂದಿನ ದಿನ ಪುಂಡಲೀಕಪ್ಪ ಹೇಳದೆ ಕೇಳದೆ ಕೊಂಡಪಲ್ಲಿಗೆ ಬಂದರು. ಎಳ್ಳು ಬೆಲ್ಲ, ಚಂದ್ರಮ್ಮ ಮಾಡಿದ ಶೇಂಗಾ ಹೋಳಿಗೆಯನ್ನು ಮಗಳ ಕೈಗಿಟ್ಟು, ಚಪ್ಪಲಿಯನ್ನೂ ಬಿಡದೆ ನೆಟ್ಟಗೆ ಷೆಡ್ಡಿಗೆ ನಡೆದರು. ಹೊಸ ಪಂಪ್ ನೋಡಬೇಕಲ್ಲ!

ವರ್ಷಾ ಹಿಂದೆಯೇ ಓಡಿದಳು. ಅವಳು ತಲುಪುವಷ್ಟರಲ್ಲಿ ಅಪ್ಪ ಬಗ್ಗಿ ನೋಡಿ ಆಗಿತ್ತು.

"ಫಣಿ," ಅಂದರು, ತೆಲುಗಿನಲ್ಲಿ, ಶಾಂತವಾಗಿ. "ನಾನು ಎಳೆದ ಹಳದಿ ಗೆರೆ ಹಾಗೇ ಇದೆ. ಒಂದು ಬೋಲ್ಟೂ ತಿರುಗಿಲ್ಲ. ಪಂಪ್ ಹೇಗೆ ಬದಲಾಯಿತು?"

ಫಣಿ ಹೆಂಡತಿಯ ಕಡೆ ನೋಡಿದ. ಸದ್ದು ಕೇಳಿ ರಾಜ್ಯಲಕ್ಷ್ಮಿಯೂ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಒಳಗೆ ಹಬ್ಬಕ್ಕೆ ಅರಿಸೆಲು ಎಂಬ ಕಜ್ಜಾಯ ಮಾಡುತ್ತಿದ್ದಳು.

ವರ್ಷಾ ಒಳಗೆ ಹೋಗಿ, ಬೀರುವಿನಲ್ಲಿ ಇಟ್ಟಿದ್ದ ಬಟ್ಟೆಯನ್ನು ತಂದು ಅಪ್ಪನ ಕೈಗೆ ಕೊಟ್ಟಳು. ತೊಳೆದಿದ್ದರೂ ಜಾಲರಿಯ ಗುರುತು ಹೋಗಿರಲಿಲ್ಲ.

ಪುಂಡಲೀಕಪ್ಪ ಅಂಚಿನ ಮೇಲೆ ಬೆರಳಾಡಿಸಿದರು. ಕೇಳಬೇಕಾದ್ದೇನೂ ಇರಲಿಲ್ಲ, ಆದರೂ ಕೇಳಿದರು. "ಎಲ್ಲಿತ್ತು?"

"ಟ್ಯಾಂಕಿನ್ಯಾಗ. ಜಾಲರಿಗೆ ಅಂಟಿಕೊಂಡಿತ್ತು."

"ಯಾವಾಗ ಸಿಕ್ತು?"

"ನೀವು ಊರಿಗೆ ಹೋದ ಕೂಡ್ಲೇ."

"ಎಲ್ಲಾರಿಗೂ ಗೊತ್ತಿತ್ತು?"

"ಹೂಂ."

ಅವರು ಟ್ರಾಕ್ಟರಿನ ಗಾಲಿಗೆ ಕೈ ಊರಿ ನಿಂತರು. "ಇಷ್ಟ್ ದಿನಾ ನಾ ಊರ ತುಂಬ ಪಂಪಿನ ಕತಿ ಹೇಳ್ಕೊಂತ ಅಡ್ಡಾಡೇನಿ. ನೀವು ಇಲ್ಲಿ ಕುಂತು ನನ್ನ ಮರ್ಯಾದಿ ಕಾಯ್ದ್ರಿ." ಬಟ್ಟೆಯನ್ನು ಮುಷ್ಟಿಯಲ್ಲಿ ಮುದುಡಿದರು. "ಹಡಗಿನ್ಯಾಗ ಹಿಂಗ ಬಟ್ಟಿ ಬಿಟ್ಟಿದ್ರ ಎಲ್ಲಾರ ಮುಂದ ನಿಲ್ಲಿಸಿ ಬೈತಿದ್ರು. ಬೈದು, ಆಮ್ಯಾಲ ಬಾಜೂಕ ಕುಂಡ್ರಿಸಿಕೊಂಡು ಉಣ್ತಿದ್ರು. ನೀವು ಯಾಕ ಬೈಲಿಲ್ಲ? ನಾ ಏನ್ ಹೊರಗಿನಾವ ಏನು ನಿಮಗ?"

"ಹೌದು," ಅಂದಳು ವರ್ಷಾ.

ತಾನೇ ಹೇಳಿದೆನೇ ಎಂದು ಅವಳಿಗೇ ಗಾಬರಿಯಾಯಿತು. ಆದರೆ ಮಾತು ಹೊರಟಾಗಿತ್ತು.

"ಹೊರಗಿನವರ ನೀವು. ಮನೀಯವರಿಗೆ ನಾವು ಬೈತೀವಿ ಅಪ್ಪಾ. ಮನೀಯವರು ಒಳಗ ಬಂದು ಉಣ್ತಾರ. ನೀವು ಷೆಡ್ಡಿನ್ಯಾಗ ಕೂತು ನಿಮ್ಮ ರೊಟ್ಟಿ ತಿಂದು, ಚಹಾಕ್ಕ ರೊಕ್ಕಾ ಇಟ್ಟು ಹೋಗ್ತೀರಿ. ಆ ಬಟ್ಟಿ ಯಾಕ ಉಳೀತು ಗೊತ್ತೇನು? ಅತ್ತಯ್ಯ ಉಣ್ಣಾಕ ಕರದ್ರು ಅಂತ ಹೆದರಿ ಓಡಿದ್ರಲ್ಲ, ಅದಕ್ಕ ಉಳೀತು!"

"ವರ್ಷಾ..."

"ನೀವು ಉಣ್ಣದ ಹೋದಾಗೆಲ್ಲ, ನಿನಗ ಮಗು ಇಲ್ಲ, ನಿನಗ ಮಗು ಇಲ್ಲ ಅಂತ ಹೇಳಿ ಹೋದಂಗ ಆಗ್ತದ ನನಗ."

"ನಾ ಹಂಗ ಎಂದಾರೆ ಅಂದೇನೇನು?"

"ಅನ್ನಲಿಲ್ಲ. ಎದ್ದು ಹೋದ್ರಿ."

ಪುಂಡಲೀಕಪ್ಪ ಮಗಳನ್ನೇ ನೋಡುತ್ತಿದ್ದರು. ಅವರಿಗೆ ಕೇಳಿಸದೇ ಹೋದ ಸದ್ದುಗಳಲ್ಲಿ ಇದೂ ಒಂದು ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ನಾ ನಿನಗಾಗಿ ಹಸಕೊಂಡಿದ್ದೆ ಬೇ," ಅಂದರು, ಮೆಲ್ಲಗೆ. "ನಿನಗ ಹಿಂಗ ತಾಗತೈತಿ ಅಂತ ಗೊತ್ತಾಗಲಿಲ್ಲ." ಆಮೇಲೆ ಬೀಗಿತ್ತಿಯ ಕಡೆ ತಿರುಗಿ, ತೆಲುಗಿನಲ್ಲಿ ತಂಗಿಯೆಂದು ಕರೆದು, "ಚೆಲ್ಲೆಮ್ಮಾ, ತಪ್ಪು ನನ್ನದು. ಬೈಯಿರಿ," ಅಂದರು.

ರಾಜ್ಯಲಕ್ಷ್ಮಿಗೆ ಕನ್ನಡ ಅರ್ಥವಾಗಿರಲಿಲ್ಲ. ಸೊಸೆಯ ಕಣ್ಣೀರು ಅರ್ಥವಾಗಿತ್ತು. ಹಿಟ್ಟಿನ ಕೈಯನ್ನು ಸೊಂಟದ ಮೇಲಿಟ್ಟು ಒಂದು ಸಲ ಉಸಿರೆಳೆದುಕೊಂಡಳು. ಆರು ವರ್ಷ ಕಟ್ಟಿಟ್ಟದ್ದು ಒಮ್ಮೆಗೇ ಹೊರಗೆ ಬಂತು.

"ಬೈಯಬೇಕಾ? ಬೈಯುತ್ತೇನೆ, ಕೇಳಿಸಿಕೊಳ್ಳಿ! ದೊಡ್ಡ ನೌಕಾಪಡೆಯವರಂತೆ, ಒಂದು ಒರೆಸುವ ಬಟ್ಟೆ ಎಲ್ಲಿಟ್ಟೆ ಅಂತ ಗೊತ್ತಿಲ್ಲ. ನನ್ನ ಮಗ ದಿನಾ ಆ ಗಂಗಾಭವಾನಿಯ ಬಾಯಿಗೆ ಸಿಕ್ಕಿ ಸೊರಗಿಹೋದ. ಟ್ಯಾಂಕ್ ನೋಡೋಣ ಅಂದರೆ ನಾನು ತೊಳೆದದ್ದು, ನಾನು ತೊಳೆದದ್ದು! ನನ್ನ ಚಹಾಕ್ಕೆ ಒಂದು ರೂಪಾಯಿ ಬೆಲೆ ಕಟ್ಟುತ್ತೀರಾ? ಈ ಹುಡುಗಿ ನೀವು ಬರುವ ದಿನ ಎಣಗಾಯಿ ಮಾಡಿ, ಸಂಜೆ ಅದನ್ನು ತಾನೂ ತಿನ್ನದೆ ಕೂರುತ್ತಾಳೆ. ಅದು ಕಾಣಿಸಲಿಲ್ಲ ನಿಮಗೆ, ಬೋಲ್ಟಿನ ಗೆರೆ ಕಾಣಿಸಿತು!"

"ಅಮ್ಮಾ, ಸಾಕು," ಅಂದ ಫಣಿ.

"ನೀನು ಸುಮ್ಮನಿರೋ. ಅವರೇ ಕೇಳಿದ್ದಾರೆ." ಬೈದು ಬೈದು ಅವಳಿಗೇ ದಣಿವಾಯಿತು. ದನಿ ಇಳಿಯಿತು. "ಆಯಿತು, ಮುಗಿಯಿತು. ಹೊತ್ತು ಎಷ್ಟಾಯಿತು ನೋಡಿ. ಹೋಗಿ, ಸೋಪು ಹಚ್ಚಿ ಕೈ ತೊಳೆದುಕೊಂಡು ಬನ್ನಿ."

ಪುಂಡಲೀಕಪ್ಪ ತಲೆ ತಗ್ಗಿಸಿಕೊಂಡು ನಿಂತಿದ್ದವರು ಹಾಗೇ ನಲ್ಲಿಯ ಕಡೆ ನಡೆದರು. ಕೈ ತೊಳೆದರು, ಮುಖ ತೊಳೆದರು. ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ತೊಳೆದರು. ಫಣಿ ಟವೆಲ್ ಹಿಡಿದು ನಿಂತ. ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟು, ಒಂದು ಕ್ಷಣ ನಿಂತು, ಒಳಗೆ ಕಾಲಿಟ್ಟರು.

ಹಬ್ಬದ ಅಡುಗೆ ನಾಳೆಗೆ. ಅವತ್ತು ಮನೆಯಲ್ಲಿದ್ದದ್ದು ಬೆಳಗಿನ ಅನ್ನ, ಟೊಮೆಟೊ ಪಪ್ಪು, ಆವಕಾಯ ಉಪ್ಪಿನಕಾಯಿ, ಮೊಸರು. ವರ್ಷಾ ತಟ್ಟೆ ಇಟ್ಟಳು. ಅನ್ನ ಬಡಿಸುವಾಗ ನಾಲ್ಕು ಅಗುಳು ನೆಲಕ್ಕೆ ಬಿದ್ದವು. ಅಪ್ಪ ಅವನ್ನು ಹೆಕ್ಕಿ ತಟ್ಟೆಯ ಅಂಚಿಗೆ ಹಾಕಿಕೊಂಡರು. ಪಪ್ಪು ಕಲಸಿದರು. ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ನುಂಗಿದರು.

"ಖಾರ ಆತೇನು ಅಪ್ಪಾ?"

ಅವರು ಇಲ್ಲವೆಂದು ತಲೆಯಾಡಿಸಿದರು. ಇನ್ನೊಂದು ತುತ್ತು ಉಂಡರು, ಮತ್ತೊಂದು. ರಾಜ್ಯಲಕ್ಷ್ಮಿ ಬಾಗಿಲ ಚೌಕಟ್ಟಿಗೆ ಒರಗಿ, ಗೆದ್ದವಳ ಹಾಗೆ ನೋಡುತ್ತಿದ್ದಳು.

ವರ್ಷಾ ಪಾತ್ರೆ ಹಿಡಿದು ಅಪ್ಪನ ಪಕ್ಕದಲ್ಲೇ ಕೂತಳು. ಕೇಳಬಾರದೆಂದುಕೊಂಡರೂ ಕೇಳಿಬಿಟ್ಟಳು. "ಮತ್ತ ಮೊಮ್ಮಗು ಬರೂತನಕಾ ಅಂದಿದ್ರಲ್ಲ, ಅಪ್ಪಾ?"

"ಬಂದ್ರ ನನ್ನ ಬಾಜೂಕ ಕುಂತು ಉಣ್ಣಲಿ," ಅಂದರು ಪುಂಡಲೀಕಪ್ಪ, ಅನ್ನದಿಂದ ಕಣ್ಣೆತ್ತದೆ. "ನನ್ನ ಕೂಸು ಬಡಸಾಕತ್ತೈತಿ, ನಾ ಉಣ್ಣಾಕತ್ತೇನಿ. ಇನ್ಯಾರಿಗಂತ ಕಾಯ್ಲಿ?"

ಕಣ್ಣೊರೆಸಿಕೊಳ್ಳಲು ವರ್ಷಾಳಿಗೆ ಕೈ ಖಾಲಿ ಇರಲಿಲ್ಲ. ಅಪ್ಪ ಸಾಕೆನ್ನುವ ಮೊದಲೇ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು.